ಕೊಂದವರಿಗೆ ಒಡೆತನವಿಲ್ಲ

ಹಡಗು ನಿಂತಲ್ಲೇ ನಿಂತಿರುತ್ತದೆ. ಅದರ ಮುಂಭಾಗದಿಂದ ಉಕ್ಕಿನ ದೊಡ್ಡ ತೋಳೊಂದು ಓರೆಯಾಗಿ ನೀರಿಗಿಳಿದು ತಳ ಮುಟ್ಟಿರುತ್ತದೆ. ತೋಳಿನ ತುದಿಯಲ್ಲಿ ಗರಗರ ತಿರುಗುವ ಹಲ್ಲಿನ ಚಕ್ರ. ಅದು ಹವಳದ ದಿಬ್ಬವನ್ನು ಕಡಿದು ಚೂರು ಮಾಡುತ್ತದೆ. ಹಿಂದೆಯೇ ಇರುವ ಪಂಪು ಆ ಚೂರನ್ನು, ಮರಳನ್ನು, ನೀರನ್ನು, ನೀರಿನೊಳಗಿದ್ದ ಜೀವಗಳನ್ನು ಒಟ್ಟಿಗೇ ಹೀರಿಕೊಂಡು, ತೇಲುವ ಪೈಪಿನಲ್ಲಿ ಸಾಗಿಸಿ, ದಿಬ್ಬದ ಇನ್ನೊಂದು ಭಾಗದ ಮೇಲೆ ಕಾರುತ್ತದೆ. ಅಲ್ಲಿ ಬದುಕಿದ್ದ ಹವಳ ಅದರಡಿ ಹೂತುಹೋಗುತ್ತದೆ. ‘ಟಿಯೆನ್ ಜಿಂಗ್ ಹಾವೊ’ ಎಂಬ ಚೀನಾದ ಡ್ರೆಜ್ಜರಿನ ಉದ್ದ 127 ಮೀಟರ್. ಗಂಟೆಗೆ 4,500 ಘನ ಮೀಟರ್ ಎಳೆದುಹಾಕುವ ತಾಕತ್ತು ಅದಕ್ಕಿದೆ. ಟಿಪ್ಪರ್ ಲೆಕ್ಕದಲ್ಲಿ ಹೇಳಿದರೆ ಗಂಟೆಗೆ ನೂರಾರು ಲೋಡು.

2013ರ ಕೊನೆಯಿಂದ ಸುಮಾರು ಎರಡು ವರ್ಷ ಇಂಥ ಹಡಗುಗಳು ದಕ್ಷಿಣ ಚೀನಾ ಸಮುದ್ರದ ಸ್ಪ್ರಾಟ್ಲಿ ಪ್ರದೇಶದಲ್ಲಿ ದುಡಿದವು. ಫಿಯರಿ ಕ್ರಾಸ್, ಸುಬಿ, ಮಿಸ್‌ಚೀಫ್, ಜಾನ್ಸನ್ ಸೌತ್, ಗೇವನ್, ಹ್ಯೂಸ್, ಕ್ವಾರ್ಟೆರಾನ್ ಎಂಬ ಏಳು ಹವಳದ ದಿಬ್ಬಗಳ ಮೇಲೆ ಸುಮಾರು 3,200 ಎಕರೆ ಕೃತಕ ನೆಲ ಎದ್ದಿತು. ಮೂರು ಕಡೆ ಸುಮಾರು ಮೂರು ಕಿಲೋಮೀಟರ್ ಉದ್ದದ ರನ್‌ವೇ ಬಂತು, ರಾಡಾರ್ ಬಂತು, ಹಡಗುಕಟ್ಟೆ ಬಂತು. ಯುದ್ಧವಿಮಾನ ಇಳಿಸಲು ಜಾಗ ಬೇಕಿತ್ತು; ಜಾಗ ಇರಲಿಲ್ಲ; ಆದ್ದರಿಂದ ಸಮುದ್ರದ ಅತ್ಯಂತ ಫಲವತ್ತಾದ ಜೀವರಾಶಿಯನ್ನು ಅರೆದು ಕಾಂಕ್ರೀಟಿನ ತಳಪಾಯಕ್ಕೆ ಸುರಿದರು.

ಆ ಸಮುದ್ರ ಯಾರದು ಎಂಬ ವಾದದಲ್ಲಿ ನಾನು ಯಾವ ಬಾವುಟದ ಕೆಳಗೂ ನಿಲ್ಲುವುದಿಲ್ಲ. ಚೀನಾ, ತೈವಾನ್, ವಿಯೆಟ್ನಾಂ ಮೂವರೂ ಸ್ಪ್ರಾಟ್ಲಿ ಪೂರ್ತಿ ತಮ್ಮದೆನ್ನುತ್ತಾರೆ. ಫಿಲಿಪ್ಪೀನ್ಸ್, ಮಲೇಷ್ಯಾ, ಬ್ರುನೈ ಒಂದಿಷ್ಟು ಭಾಗ ತಮ್ಮದೆನ್ನುತ್ತಾರೆ. ಒಬ್ಬರ ಕೈಯಲ್ಲಿ ಹಳೆಯ ನಕ್ಷೆ, ಇನ್ನೊಬ್ಬರ ಕೈಯಲ್ಲಿ ವಸಾಹತು ಕಾಲದ ಕಡತ, ಮತ್ತೊಬ್ಬರ ಕೈಯಲ್ಲಿ ಸಮುದ್ರ ಕಾನೂನಿನ ಪುಸ್ತಕ. ವಾದ ಮಾಡಲಿ, ನೂರು ವರ್ಷ ಬೇಕಾದರೂ ಮಾಡಲಿ. ಆದರೆ ಬದುವಿನ ಜಗಳಕ್ಕೆ ನಿಂತ ಬೆಳೆಗೇ ಬೆಂಕಿ ಇಟ್ಟವನನ್ನು ಯಾವ ಊರೂ ರೈತ ಎಂದು ಒಪ್ಪುವುದಿಲ್ಲ. ನಿಮ್ಮ ತಾಯ್ನೆಲದ ಅವಿಭಾಜ್ಯ ಅಂಗ ಎನ್ನುತ್ತೀರಲ್ಲ, ಹಾಗಿದ್ದ ಮೇಲೆ ಅದನ್ನು ಕೊಂದಿರೇಕೆ? ಇದಕ್ಕೆ ಉತ್ತರ ಬೇಕು.

ಕೊಂದದ್ದು ಏನನ್ನು ಎಂಬುದು ಗೊತ್ತಿರಬೇಕು. ಹವಳದ ದಿಬ್ಬವನ್ನು ಕಟ್ಟುವುದು ಅಕ್ಕಿಕಾಳಿನಷ್ಟು ಪುಟ್ಟ ಮೃದುಜೀವಿಗಳು. ಸಮುದ್ರದ ನೀರಿನಿಂದ ಸುಣ್ಣ ತೆಗೆದು ತಮ್ಮ ಸುತ್ತ ಗೂಡು ಕಟ್ಟಿಕೊಳ್ಳುತ್ತವೆ. ಅವು ಸತ್ತ ಮೇಲೆ ಆ ಗೂಡಿನ ಮೇಲೆ ಮುಂದಿನ ಪೀಳಿಗೆ ಕಟ್ಟುತ್ತದೆ. ಗುಂಡುಬಂಡೆಯಂತೆ ಬೆಳೆಯುವ ಜಾತಿಗಳು ವರ್ಷಕ್ಕೆ ಹೆಚ್ಚೂಕಡಿಮೆ ಒಂದು ಸೆಂಟಿಮೀಟರ್ ದಪ್ಪವಾಗುತ್ತವೆ, ಅಷ್ಟೆ. ಈ ಜೀವಿಯ ಮೈಯೊಳಗೆ ಸೂಕ್ಷ್ಮ ಪಾಚಿ ವಾಸವಿರುತ್ತದೆ. ಬಿಸಿಲು ಬಿದ್ದರೆ ಪಾಚಿ ಅಡುಗೆ ಮಾಡುತ್ತದೆ, ಹವಳ ಉಣ್ಣುತ್ತದೆ. ಬಿಸಿಲು ತಪ್ಪಿದರೆ ಉಪವಾಸ.

ಡ್ರೆಜ್ಜರ್ ಕಡಿದ ಜಾಗದಲ್ಲಿ ಮಾತ್ರ ಹವಳ ಸಾಯುತ್ತದೆ ಎಂದುಕೊಂಡರೆ ಅರ್ಧ ಲೆಕ್ಕ ಬಿಟ್ಟಂತೆ. ಕಡಿದಾಗ ಎದ್ದ ಸುಣ್ಣದ ಹುಡಿ ಹಾಲು ಬೆರೆಸಿದಂಥ ಮೋಡವಾಗಿ ಕಿಲೋಮೀಟರುಗಟ್ಟಲೆ ಹರಡಿ, ನಿಧಾನಕ್ಕೆ ಕೆಳಗಿಳಿಯುತ್ತದೆ. ಕೆಳಗೆ ಬದುಕುಳಿದ ಹವಳದ ಬಾಯಿ ಮೇಲೇ ಅದು ಕೂರುತ್ತದೆ. ಹವಳ ಲೋಳೆ ಸುರಿಸಿ ಹುಡಿಯನ್ನು ಕೊಡವಲು ನೋಡುತ್ತದೆ. ಒಂದು ಸಲ ಕೊಡವಬಹುದು, ಎರಡು ಸಲ ಕೊಡವಬಹುದು. ಲೋಳೆ ಮಾಡಲು ಶಕ್ತಿ ಬೇಕು, ಶಕ್ತಿಗೆ ಬಿಸಿಲು ಬೇಕು, ಬಿಸಿಲನ್ನು ಹುಡಿಯೇ ತಡೆದಿದೆ. ಕೊನೆಗೆ ಕೊಡವುವುದನ್ನು ನಿಲ್ಲಿಸುತ್ತದೆ. ಆ ಮೂರು ಸಾವಿರದ ಚಿಲ್ಲರೆ ಎಕರೆಯ ಆಚೆಗೆ ಹೀಗೆ ಉಸಿರುಕಟ್ಟಿ ಸತ್ತದ್ದು ಯಾವ ದೇಶದ ರಕ್ಷಣಾ ಸಚಿವಾಲಯದ ಕಡತದಲ್ಲೂ ಇಲ್ಲ.

ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಈ ದಿಬ್ಬಗಳಲ್ಲಿ ಇಟ್ಟ ಮೊಟ್ಟೆ ಒಡೆದು ಬಂದ ಮರಿಗಳು ಪ್ರವಾಹದ ಜೊತೆ ತೇಲಿ ಸುತ್ತಲಿನ ತೀರಗಳಿಗೆ ಹೋಗುತ್ತವೆ ಎಂದು ಮಯಾಮಿ ವಿಶ್ವವಿದ್ಯಾಲಯದ ಸಾಗರವಿಜ್ಞಾನಿ ಜಾನ್ ಮೆಕ್‌ಮ್ಯಾನಸ್ 1990ರ ದಶಕದಿಂದಲೂ ಹೇಳುತ್ತ ಬಂದಿದ್ದಾರೆ. ಅತಿಯಾಗಿ ಬಲೆ ಬೀಸಿ ಬರಿದಾದ ತೀರಗಳಿಗೆ ಮತ್ತೆ ಮೀನು ತುಂಬುವ ಬಿತ್ತನೆಯ ಮನೆ ಇದು. ಜಗತ್ತಿನಲ್ಲಿ ಹಿಡಿಯುವ ಮೀನಿನಲ್ಲಿ ಸುಮಾರು ಶೇ 12ರಷ್ಟು ದಕ್ಷಿಣ ಚೀನಾ ಸಮುದ್ರದ್ದೆಂದು 2015ರಲ್ಲಿ ಅಂದಾಜಿಸಲಾಗಿತ್ತು. ಕೋಟ್ಯಂತರ ಜನರ ತಟ್ಟೆಗೆ ಬೀಳುವ ಅನ್ನದ ಜೊತೆಗಿನ ತುಂಡು ಅದು. ಬಂದೂಕು ಹಿಡಿದವರಿಗೆ ಇದು ತಿಳಿಯದ ವಿಷಯವೇನೂ ಆಗಿರಲಿಲ್ಲ. ವಿಜ್ಞಾನಿಗಳು ಮೊದಲೇ ಹೇಳಿದ್ದರು. ತಿಳಿದೂ ಕಡಿದರು.

ಈ ಕಡಿತಕ್ಕೆ ಮುಂಚೆ ಮನುಷ್ಯರನ್ನೂ ಕೊಂದಾಗಿತ್ತು. 1974ರ ಜನವರಿಯಲ್ಲಿ ಪ್ಯಾರಾಸೆಲ್ ದ್ವೀಪಗಳಿಗಾಗಿ ಚೀನಾ ಮತ್ತು ದಕ್ಷಿಣ ವಿಯೆಟ್ನಾಂ ಸಮುದ್ರದಲ್ಲಿ ಹೊಡೆದಾಡಿದವು. 1988ರ ಮಾರ್ಚ್ 14ರಂದು ಜಾನ್ಸನ್ ಸೌತ್ ದಿಬ್ಬದಲ್ಲಿ ವಿಯೆಟ್ನಾಮಿನ 64 ಸೈನಿಕರು ಸತ್ತರು. ಅವರಲ್ಲಿ ಹಲವರು ನಿಂತಿದ್ದದ್ದು ನೆಲದ ಮೇಲಲ್ಲ, ನೀರಿನಲ್ಲಿ. ಅಲ್ಲಿ ನೆಲವೇ ಇರಲಿಲ್ಲ. ಕಟ್ಟಡದ ಸಾಮಾನು ಇಳಿಸಲು, ಬಾವುಟ ನೆಡಲು ಕಳುಹಿಸಿದ ಹುಡುಗರು ಹವಳದ ಮೇಲೆ ಬಾವುಟ ಹಿಡಿದು ನಿಂತಿದ್ದರು. ಚೀನಾದ ನೌಕೆಗಳು ಗುಂಡು ಹಾರಿಸಿದವು. ಅವರ ಸರಂಜಾಮು ಹೊತ್ತು ತಂದಿದ್ದ ಹಡಗು ಮುಳುಗಿತು. ಬಹಳಷ್ಟು ಹೆಣಗಳು ಮನೆಗೆ ಮರಳಲೇ ಇಲ್ಲ. ಅವರ ಮನೆಯವರ ಪಾಲಿಗೆ ಆ ದಿಬ್ಬವೇ ಸಮಾಧಿ. ಇಪ್ಪತ್ತೈದು ವರ್ಷಗಳ ನಂತರ ಡ್ರೆಜ್ಜರುಗಳು ಮೊದಮೊದಲು ಬಂದು ನಿಂತ ಜಾಗಗಳಲ್ಲಿ ಜಾನ್ಸನ್ ಸೌತ್ ಕೂಡ ಒಂದು. ಸತ್ತವರ ಸಮಾಧಿಯನ್ನೂ ಬಿಡಲಿಲ್ಲ, ಬದುಕಿದ್ದ ಹವಳವನ್ನೂ ಬಿಡಲಿಲ್ಲ.

ಸುಳ್ಳಿನ ಸರಣಿಯನ್ನೂ ನೆನಪಿಡಬೇಕು. 1995ರಲ್ಲಿ ಮಿಸ್‌ಚೀಫ್ ದಿಬ್ಬದ ಮೇಲೆ ಕಂಬ ನೆಟ್ಟು ಗುಡಿಸಲು ಕಟ್ಟಿದಾಗ ಚೀನಾ ಅದು ಮೀನುಗಾರರ ಆಸರೆಗೆ ಎಂದಿತ್ತು. ಫಿಲಿಪ್ಪೀನ್ಸಿನ ಪಲವಾನ್ ದ್ವೀಪದಿಂದ ಸುಮಾರು 240 ಕಿಲೋಮೀಟರ್ ದೂರದ ಆ ದಿಬ್ಬ ಇವತ್ತು ಆ ಏಳರಲ್ಲಿ ಎಲ್ಲಕ್ಕಿಂತ ದೊಡ್ಡ ನೆಲೆ. 2015ರ ಸೆಪ್ಟೆಂಬರಿನಲ್ಲಿ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಅಮೆರಿಕದ ಶ್ವೇತಭವನದ ಅಂಗಳದಲ್ಲಿ ನಿಂತು, ಅಲ್ಲಿ ಸೈನಿಕೀಕರಣದ ಉದ್ದೇಶ ಇಲ್ಲ ಎಂದು ಜಗತ್ತಿಗೆ ಹೇಳಿದರು. ಆ ರನ್‌ವೇಗಳ ಪಕ್ಕದಲ್ಲಿ ಆಮೇಲೆ ಕಂಡ ಯುದ್ಧವಿಮಾನದ ಹ್ಯಾಂಗರುಗಳನ್ನು ಯಾವ ಮೀನುಗಾರನೂ ಕಟ್ಟಿಸಿಕೊಂಡದ್ದಲ್ಲ.

2013ರ ಜನವರಿಯಲ್ಲಿ ಫಿಲಿಪ್ಪೀನ್ಸ್ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯಡಿ ದಾವೆ ಹೂಡಿತು. 2016ರ ಜುಲೈ 12ರಂದು ಹೇಗ್‌ನ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಈ ತೀರ್ಪಿನ ಬಗ್ಗೆ ಬರೆದವರೆಲ್ಲ, ಸಮುದ್ರದ ಬಹುಪಾಲನ್ನು ತನ್ನದೆನ್ನುವ ಚೀನಾದ ಒಂಬತ್ತು ಗೆರೆಗಳ ನಕ್ಷೆಗೆ ಕಾನೂನಿನ ಆಧಾರ ಇಲ್ಲ ಎಂಬ ಭಾಗವನ್ನೇ ದೊಡ್ಡದು ಮಾಡಿದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡವು ಬೇರೆ ಎರಡು ಮಾತು. ಚೀನಾ ಹವಳದ ಪರಿಸರಕ್ಕೆ ತೀವ್ರವಾದ, ಸರಿಪಡಿಸಲಾಗದ ಹಾನಿ ಮಾಡಿದೆ, ಸಮುದ್ರವನ್ನು ಕಾಪಾಡುವ ತನ್ನ ಹೊಣೆಯನ್ನು ಮುರಿದಿದೆ ಎಂಬುದು ಒಂದು. ಆ ದಿಬ್ಬಗಳ ಸಹಜ ಸ್ಥಿತಿ ಹೇಗಿತ್ತು ಎಂಬ ಸಾಕ್ಷ್ಯವನ್ನೇ ಅದು ಶಾಶ್ವತವಾಗಿ ನಾಶ ಮಾಡಿದೆ ಎಂಬುದು ಇನ್ನೊಂದು. ಯೋಚಿಸಿ. ವ್ಯಾಜ್ಯ ಕೋರ್ಟಿನಲ್ಲಿರುವಾಗಲೇ, ಉಬ್ಬರದಲ್ಲಿ ಈ ಬಂಡೆ ನೀರಿನ ಮೇಲೆ ಕಾಣುತ್ತಿತ್ತೇ ಇಲ್ಲವೇ ಎಂದು ತೀರ್ಮಾನವಾಗಬೇಕಿದ್ದಾಗಲೇ, ಬಂಡೆಯನ್ನೇ ಇಲ್ಲವಾಗಿಸಿದರು. ಸಾಮಾನ್ಯ ಮನುಷ್ಯ ಹೀಗೆ ಮಾಡಿದ್ದರೆ ಜೈಲಿಗೆ ಹೋಗುತ್ತಿದ್ದ. ಚೀನಾ ತೀರ್ಪನ್ನು ಒಪ್ಪುವುದಿಲ್ಲ ಎಂದಿತು, ವಿಷಯ ಅಲ್ಲಿಗೇ ನಿಂತಿತು.

ಇಷ್ಟು ಮಾಡಿ ಕಾನೂನಿನಲ್ಲಿ ದಕ್ಕಿದ್ದಾದರೂ ಏನು? ಏನೂ ಇಲ್ಲ. ಅದೇ ಒಡಂಬಡಿಕೆಯ 60ನೇ ವಿಧಿ ಸ್ಪಷ್ಟವಾಗಿದೆ: ಕೃತಕ ದ್ವೀಪಕ್ಕೆ ದ್ವೀಪದ ಸ್ಥಾನವಿಲ್ಲ, ಅದರ ಸುತ್ತ ಸ್ವಂತದ್ದೆಂಬ ಸಮುದ್ರವಿಲ್ಲ. 1996ರಲ್ಲಿ ಚೀನಾ ತಾನೇ ಅನುಮೋದಿಸಿದ ಒಡಂಬಡಿಕೆ ಅದು. ಎಷ್ಟು ಎಕರೆ ಕಾಂಕ್ರೀಟ್ ಸುರಿದರೂ ಒಂದು ಮೈಲಿ ಹಕ್ಕು ಹೆಚ್ಚುವುದಿಲ್ಲ. ಸಾವಿರಾರು ವರ್ಷ ಬೆಳೆದದ್ದನ್ನು ಕಾನೂನಿನ ಕಣ್ಣಲ್ಲಿ ಶೂನ್ಯಕ್ಕೆ ಸಮವಾದ ಒಂದು ಸಿಮೆಂಟು ಹಾಸಿಗಾಗಿ ಮುಗಿಸಿಬಿಟ್ಟರು.

ಇನ್ನೊಂದು ಲೆಕ್ಕ ಇಲ್ಲಿ ಹೇಳಲೇಬೇಕು. 2013ರ ಜನವರಿ 17ರಂದು ಅಮೆರಿಕ ನೌಕಾಪಡೆಯ ‘ಗಾರ್ಡಿಯನ್’ ಎಂಬ ಹಡಗು ಫಿಲಿಪ್ಪೀನ್ಸಿನ ತುಬ್ಬತಾಹಾ ಹವಳದ ದಿಬ್ಬಕ್ಕೆ ಏರಿ ಕೂತಿತು. ಯುನೆಸ್ಕೋ ಪಟ್ಟಿಯಲ್ಲಿರುವ ರಕ್ಷಿತ ತಾಣ ಅದು. ಹಾಳಾದ ಹವಳ ಸುಮಾರು 2,345 ಚದರ ಮೀಟರ್, ಅಂದರೆ ಅರ್ಧ ಎಕರೆಗಿಂತ ತುಸು ಹೆಚ್ಚು. ಅದಕ್ಕೆ ಅಮೆರಿಕ ಸುಮಾರು 20 ಲಕ್ಷ ಡಾಲರ್ ಪರಿಹಾರ ಕಟ್ಟಬೇಕಾಯಿತು. ಕಟ್ಟಿದ್ದು ನ್ಯಾಯ. ಅರ್ಧ ಎಕರೆಗೆ ಅಷ್ಟಾದರೆ ಸಾವಿರಾರು ಎಕರೆಗೆ ಎಷ್ಟು? ಕೇಳುವವರು ಯಾರು? ತಪ್ಪಿ ಬಿದ್ದವರು ದಂಡ ಕಟ್ಟಿದರು. ಬೇಕೆಂದೇ ಕಡಿದವರು ತಾವು ಕಡಿದ ದಿಬ್ಬದ ಮೇಲೆಯೇ ಬಾವುಟ ಏರಿಸಿ ವಂದನೆ ಸಲ್ಲಿಸಿದರು.

ದೈತ್ಯ ಕಪ್ಪೆಚಿಪ್ಪಿನ ಕತೆ ಇದಕ್ಕಿಂತ ಹೇಸಿಗೆ ಹುಟ್ಟಿಸುತ್ತದೆ. ಒಂದು ಮೀಟರಿಗೂ ಮೀರಿ ಅಗಲವಾಗುವ, 200 ಕಿಲೋ ದಾಟುವ, ನೂರು ವರ್ಷದವರೆಗೆ ಬದುಕಬಲ್ಲ ಜೀವಿ ಅದು. ಹುಟ್ಟಿದ ಸ್ವಲ್ಪ ಕಾಲಕ್ಕೆ ಒಂದೆಡೆ ನೆಲೆ ನಿಂತರೆ ಸಾಯುವವರೆಗೂ ಅಲ್ಲೇ. ಓಡಲಾರದು, ಕಚ್ಚಲಾರದು. ಬಾಯಿ ಮುಚ್ಚಿಕೊಳ್ಳುವುದೊಂದೇ ಅದಕ್ಕಿರುವ ರಕ್ಷಣೆ. ಹೈನಾನ್ ದ್ವೀಪದ ಟಾನ್‌ಮೆನ್ ಬಂದರಿನಲ್ಲಿ ಈ ಚಿಪ್ಪನ್ನು ಆನೆದಂತದ ಹಾಗೆ ಕೆತ್ತಿ ಮಾರುವ ದಂಧೆ ಹಬ್ಬಿತು. ಬದುಕಿದ್ದವನ್ನು ಹೆಕ್ಕಿ ಮುಗಿಸಿದ ಮೇಲೆ ಸತ್ತು ಹವಳದೊಳಗೆ ಹೂತುಹೋದವಕ್ಕೂ ಕೈಹಾಕಿದರು. ಸಣ್ಣ ದೋಣಿಗೆ ಲಂಗರು ಹಾಕಿ, ಪ್ರೊಪೆಲ್ಲರನ್ನು ಆಳವಿಲ್ಲದ ನೀರಿನಲ್ಲಿ ಹವಳಕ್ಕೇ ತಾಗಿಸಿ, ಎಂಜಿನ್ ಜೋರು ಮಾಡಿ ಲಂಗರಿನ ಸುತ್ತ ದೋಣಿಯನ್ನು ಕಮಾನಿನಂತೆ ಅತ್ತಿತ್ತ ಎಳೆದಾಡಿಸುವುದು. ಹವಳ ನುಚ್ಚಾಗುತ್ತದೆ, ಹುಡಿ ಹಾರಿಹೋಗುತ್ತದೆ, ಚಿಪ್ಪು ಕೈಗೆ ಸಿಗುತ್ತದೆ. ಉಪಗ್ರಹ ಚಿತ್ರಗಳಲ್ಲಿ ಆ ಕಮಾನಿನ ಗಾಯಗಳು ಸಾಲುಸಾಲಾಗಿ ಕಾಣುತ್ತವೆ. ಮೆಕ್‌ಮ್ಯಾನಸ್ 2016ರಲ್ಲಿ ಅಂದಾಜು ಮಾಡಿದಂತೆ ಹೀಗೆ ಹಾಳಾದ ದಿಬ್ಬ ನೂರು ಚದರ ಕಿಲೋಮೀಟರಿಗೂ ಹೆಚ್ಚು. ಸೇನೆ ಹೂತದ್ದಕ್ಕಿಂತ ಹಲವು ಪಟ್ಟು. ಒಂದು ಡ್ರಾಯಿಂಗ್ ರೂಮಿನ ಶೋಕೇಸಿಗಾಗಿ, ಒಂದು ಕೈಬಳೆಗಾಗಿ!

ಚಿಪ್ಪು ದೋಚುವ ಈ ದೋಣಿಗಳಿಗೆ ಚೀನಾದ ಸರ್ಕಾರಿ ನೌಕೆಗಳೇ ಕಾವಲಿದ್ದವು. ಗೊತ್ತಿದ್ದೂ ಚೀನಾ ತಡೆಯಲಿಲ್ಲ ಎಂಬುದೂ ಅದೇ ಹೇಗ್ ತೀರ್ಪಿನಲ್ಲಿದೆ. ಮೀನುಗಾರನ ದೋಣಿ ಅಲ್ಲಿದ್ದರೆ ನಮ್ಮ ಹಕ್ಕು ಅಲ್ಲಿದ್ದಂತೆ ಎಂಬ ಲೆಕ್ಕಾಚಾರ. ದೋಣಿ ಏನು ಮಾಡುತ್ತಿದೆ ಎಂಬುದು ಬೇಕಿರಲಿಲ್ಲ. 2017ರಿಂದ ಹೈನಾನ್ ಈ ವ್ಯಾಪಾರ ನಿಷೇಧಿಸಿತು, ಅಷ್ಟರಲ್ಲಿ ಆಗುವುದೆಲ್ಲ ಆಗಿತ್ತು. ಇಂಥ ಲೂಟಿಗೆ ಸಿಕ್ಕ ಜಾಗಗಳಲ್ಲಿ ಸ್ಕಾರ್‌ಬರೋ ದಿಬ್ಬವೂ ಒಂದು. 2012ರಲ್ಲಿ ಫಿಲಿಪ್ಪೀನ್ಸಿನಿಂದ ಅದರ ಹಿಡಿತ ಕಸಿದುಕೊಂಡ ಚೀನಾ 2025ರ ಸೆಪ್ಟೆಂಬರಿನಲ್ಲಿ ಅಲ್ಲಿ 3,500 ಹೆಕ್ಟೇರಿಗೂ ಹೆಚ್ಚು ಜಾಗವನ್ನು ರಾಷ್ಟ್ರೀಯ ಸಂರಕ್ಷಿತ ನಿಸರ್ಗಧಾಮ ಎಂದು ಘೋಷಿಸಿದೆ. ನನಗೆ ಸಿಟ್ಟು ಉಕ್ಕುವುದು ಇಲ್ಲೇ. ಹವಳ ಉಳಿಸುವ ಮಾತನ್ನೂ ಗಡಿಕಲ್ಲು ನೆಡಲು ಬಳಸಿದರೆ, ನಾಳೆ ನಿಜವಾಗಿ ಉಳಿಸಬೇಕೆಂದು ಬಂದವನನ್ನು ಯಾರು ನಂಬುತ್ತಾರೆ?

ಉಳಿದವರು ಹಾಲಿನಲ್ಲಿ ತೊಳೆದವರೇನಲ್ಲ. ಮಲೇಷ್ಯಾ 1980ರ ದಶಕದಲ್ಲೇ ಸ್ವಾಲೋ ದಿಬ್ಬದ ಮೇಲೆ ನೆಲ ಎಬ್ಬಿಸಿತು. ತೈವಾನ್ ಇಟು ಅಬಾದಲ್ಲಿ ರನ್‌ವೇ ಹಾಸಿತು. ಡೈನಮೈಟು, ಸಯನೈಡು ಹಾಕಿ ಮೀನು ಹಿಡಿದವರು ಎಲ್ಲ ದೇಶಗಳಲ್ಲೂ ಇದ್ದಾರೆ. ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ವಿಯೆಟ್ನಾಂ. ತನ್ನ ಕಾಡುಗಳ ಮೇಲೆ ಏಜೆಂಟ್ ಆರೆಂಜ್ ವಿಷ ಸುರಿಸಿಕೊಂಡ ದೇಶ ಅದು. ಯುದ್ಧದ ಹೆಸರಿನಲ್ಲಿ ನೆಲವನ್ನು ಕೊಲ್ಲುವುದೆಂದರೇನು ಎಂದು ಅದಕ್ಕೆ ಯಾರೂ ಕಲಿಸಬೇಕಿಲ್ಲ. ಅದೇ ವಿಯೆಟ್ನಾಂ 2021ರ ಕೊನೆಯಿಂದ ತನ್ನ ವಶದ ದಿಬ್ಬಗಳಲ್ಲಿ ಡ್ರೆಜ್ಜರ್ ಇಳಿಸಿದೆ. ಅದೇ ಹಲ್ಲಿನ ಚಕ್ರ, ಅದೇ ಪೈಪು, ಅದೇ ಬಿಳಿ ಹುಡಿಯ ಮೋಡ. ಅಮೆರಿಕದ ಸಿಎಸ್‌ಐಎಸ್ ಸಂಸ್ಥೆ ಉಪಗ್ರಹ ಚಿತ್ರಗಳನ್ನು ಅಳೆದು 2023ರ ಡಿಸೆಂಬರಿನಲ್ಲಿ ಪ್ರಕಟಿಸಿದ ಲೆಕ್ಕದಂತೆ ಕಡಿದು, ಹೂತು ಚೀನಾ ನಾಶ ಮಾಡಿದ ದಿಬ್ಬ 4,600 ಎಕರೆಗೂ ಹೆಚ್ಚು, ವಿಯೆಟ್ನಾಂ ನಾಶ ಮಾಡಿದ್ದು ಸುಮಾರು 1,400 ಎಕರೆ. ಆಮೇಲೂ ವಿಯೆಟ್ನಾಮಿನ ಕೆಲಸ ನಿಂತಿಲ್ಲ. ಚೀನಾ ಕಟ್ಟಿತು, ಆದ್ದರಿಂದ ನಾವೂ ಕಟ್ಟುತ್ತೇವೆ ಎಂಬ ತರ್ಕ ಇದರ ಹಿಂದೆ ಕಾಣುತ್ತದೆ. ದೊಡ್ಡವನು ಕೊಂದದ್ದು ತಪ್ಪಾದರೆ ಚಿಕ್ಕವನು ಕೊಂದದ್ದು ಹೇಗೆ ಸರಿಯಾಗುತ್ತದೆ? ಹವಳಕ್ಕೆ ಬೀಜಿಂಗಿನ ಡ್ರೆಜ್ಜರೂ ಒಂದೇ, ಹನೋಯಿಯ ಡ್ರೆಜ್ಜರೂ ಒಂದೇ.

ಈ ಸಮುದ್ರದ ನಿಜವಾದ ಒಡೆಯರು ಯಾರು ಎಂದು ಕೇಳಿದರೆ ನಾನು 2019ರ ಜೂನ್ 9ರ ರಾತ್ರಿಯನ್ನು ತೋರಿಸುತ್ತೇನೆ. ರೀಡ್ ಬ್ಯಾಂಕ್ ಬಳಿ ಲಂಗರು ಹಾಕಿದ್ದ ಫಿಲಿಪ್ಪೀನ್ಸಿನ ಮೀನುಗಾರಿಕಾ ದೋಣಿಗೆ ಚೀನಾದ ಹಡಗೊಂದು ಡಿಕ್ಕಿ ಹೊಡೆದು ಹೊರಟೇ ಹೋಯಿತು. ನೀರುಪಾಲಾದವರು 22 ಮಂದಿ. ಕತ್ತಲ ಸಮುದ್ರದಲ್ಲಿ ತೇಲುತ್ತಿದ್ದ ಅವರನ್ನು ಮೇಲೆತ್ತಿ ಉಳಿಸಿದ್ದು ವಿಯೆಟ್ನಾಮಿನ ಮೀನುಗಾರರು. ಅವರ ಸರ್ಕಾರಗಳ ನಕ್ಷೆಯಲ್ಲಿ ಇಬ್ಬರೂ ಎದುರಾಳಿಗಳು. ಭಾಷೆ ಬೇರೆ, ಬಾವುಟ ಬೇರೆ. ನೀರಿಗೆ ಬಿದ್ದವನನ್ನು ಎತ್ತಬೇಕು ಎಂಬುದಕ್ಕೆ ಯಾವ ಒಪ್ಪಂದವೂ ಬೇಕಾಗಲಿಲ್ಲ. ಸ್ಕಾರ್‌ಬರೋ ಹಲವು ನಾಡುಗಳ ಮೀನುಗಾರರ ಸಾಂಪ್ರದಾಯಿಕ ಜಾಗ ಎಂದು ಹೇಗ್ ತೀರ್ಪೂ ಹೇಳಿದೆ. ಇವತ್ತು ಆ ಜಾಗದಲ್ಲಿ ಚೀನಾದ ಕೋಸ್ಟ್‌ಗಾರ್ಡ್ ಹಡಗುಗಳು ನೀರಿನ ಫಿರಂಗಿ ಹಿಡಿದು ನಿಂತಿವೆ. ತಲೆಮಾರುಗಳಿಂದ ಅಲ್ಲಿ ಬಿರುಗಾಳಿಗೆ ಆಸರೆ ಪಡೆದವರ ಮಕ್ಕಳು ದೂರದಿಂದಲೇ ದೋಣಿ ತಿರುಗಿಸಿಕೊಂಡು ಬರಿಗೈಯಲ್ಲಿ ಮನೆಗೆ ಬರುತ್ತಾರೆ.

ದೂರದ ದೇಶದವರ ಜಗಳ, ನಮಗೇಕೆ ಎನ್ನುವವರು ಮುರ್ಡೇಶ್ವರದ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಲಿ. ಸುಮಾರು 19 ಕಿಲೋಮೀಟರ್ ಒಳಗೆ ನೇತ್ರಾಣಿ ಇದೆ. ಕರ್ನಾಟಕದ ಕಡಲಿನಲ್ಲಿ ಹವಳ ಕಾಣುವ ಬೆರಳೆಣಿಕೆಯ ಜಾಗಗಳಲ್ಲಿ ಅದು ಮುಖ್ಯವಾದದ್ದು. ಬಿಳಿಹೊಟ್ಟೆಯ ಕಡಲಹದ್ದು ಗೂಡು ಕಟ್ಟುವ ಜಾಗ. ಅದರ ಮೇಲೆ ಯಾವ ಪರದೇಶವೂ ಹಕ್ಕು ಹೂಡಿಲ್ಲ, ಯಾವ ವ್ಯಾಜ್ಯವೂ ಇಲ್ಲ. ಆದರೂ ನಮ್ಮದೇ ನೌಕಾಪಡೆ ವರ್ಷಗಟ್ಟಲೆ ಅದನ್ನು ಗುರಿ ಅಭ್ಯಾಸಕ್ಕೆ ಬಳಸಿತು, ಸಿಡಿಯದ ಶೆಲ್ಲುಗಳು ಅಲ್ಲಿ ಸಿಕ್ಕವು. ಕರಾವಳಿಯ ಪರಿಸರ ಹೋರಾಟಗಾರರು ಕೂಗಿ ಹೇಳಬೇಕಾಯಿತು. ಯಾರದ್ದೆಂದು ಗೊತ್ತಿಲ್ಲದ ದಿಬ್ಬವನ್ನು ಕಡಿಯುವವರಿಗೂ, ತನ್ನದೆಂದು ಖಚಿತವಿರುವ ದ್ವೀಪದ ಮೇಲೆ ಶೆಲ್ ಹಾಕುವವರಿಗೂ ಕಾಣುವುದು ಒಂದೇ: ಖಾಲಿ ಜಾಗ. ಮನುಷ್ಯ ಓಟು ಹಾಕದ ಜಾಗವೆಲ್ಲ ಖಾಲಿ ಎಂಬ ಈ ಕುರುಡನ್ನೇ ನಾನು ವಿರೋಧಿಸುತ್ತಿರುವುದು.

ಬೇರೆ ದಾರಿ ಇರಲಿಲ್ಲ ಎಂದು ಯಾರೂ ಹೇಳಬಾರದು. ಅಂಟಾರ್ಕ್ಟಿಕಾದ ಮೇಲೆ ಏಳು ದೇಶಗಳು ಹಕ್ಕು ಹೂಡಿದ್ದವು. ಕೆಲವರ ಪಾಲು ಒಂದರ ಮೇಲೊಂದು ಬೀಳುತ್ತಿತ್ತು. ಅಮೆರಿಕ, ಸೋವಿಯತ್ ಒಕ್ಕೂಟ ಅಣುಬಾಂಬು ಹಿಡಿದು ಮುಖಾಮುಖಿ ನಿಂತಿದ್ದ 1959ರಲ್ಲೇ 12 ದೇಶಗಳು ಕೂತು ಸಹಿ ಹಾಕಿದವು: ಹಕ್ಕಿನ ವಾದ ಇದ್ದಲ್ಲೇ ಇರಲಿ, ಸೈನ್ಯ ಮಾತ್ರ ಬರುವುದು ಬೇಡ. ಆ ಮಾದರಿಯನ್ನೇ ಹಿಡಿದು ಸ್ಪ್ರಾಟ್ಲಿಯನ್ನು ಸಾಗರ ಶಾಂತಿವನ ಮಾಡಿ ಎಂದು ಮೆಕ್‌ಮ್ಯಾನಸ್ ಡ್ರೆಜ್ಜರುಗಳು ಬರುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಬೇಡಿಕೊಂಡಿದ್ದರು. ಹಕ್ಕು ಬಿಟ್ಟುಕೊಡಿ ಎಂದು ಅವರು ಕೇಳಿರಲಿಲ್ಲ. ವಾದ ಮುಗಿಯುವವರೆಗೆ ಕೈ ಹಾಕಬೇಡಿ ಎಂದಷ್ಟೇ ಕೇಳಿದ್ದರು.

2002ರಲ್ಲಿ ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ದೇಶಗಳು ಮತ್ತು ಚೀನಾ ಸೇರಿ, ಜನರಿಲ್ಲದ ದಿಬ್ಬಗಳಲ್ಲಿ ಹೊಸದಾಗಿ ಜನರನ್ನು ನೆಲೆಗೊಳಿಸುವುದಿಲ್ಲ, ಸಂಯಮ ಕಾಯುತ್ತೇವೆ ಎಂದು ಘೋಷಣೆಗೆ ಸಹಿ ಹಾಕಿದವು. ಅದನ್ನು ಕಟ್ಟುನಿಟ್ಟಿನ ನೀತಿಸಂಹಿತೆ ಮಾಡುವ ಮಾತುಕತೆ ಎರಡು ದಶಕ ದಾಟಿದೆ. ಸಭೆಯ ಮೇಲೆ ಸಭೆ, ಕರಡಿನ ಮೇಲೆ ಕರಡು. ಆ ಕರಡನ್ನು ಬರೆಯುವವರಿಗೆ ಹೇಳುವುದು ಇಷ್ಟೇ. ಗಡಿಯ ಮಾತು ಎರಡನೇ ಪುಟಕ್ಕೆ ಇಟ್ಟುಕೊಳ್ಳಿ. ಮೊದಲ ಪುಟದಲ್ಲಿ, ಮೊದಲ ಕಲಮಿನಲ್ಲಿ, ಈ ಸಮುದ್ರದ ಯಾವ ಹವಳದ ದಿಬ್ಬಕ್ಕೂ ಯಾವ ದೇಶದ ಡ್ರೆಜ್ಜರೂ ಇನ್ನು ಇಳಿಯಕೂಡದು ಎಂದು ಬರೆಯಿರಿ. ಕಡಿದ ಪ್ರತಿ ಎಕರೆಗೆ, ತುಬ್ಬತಾಹಾದ ದರದಲ್ಲೇ, ಕಡಿದವರಿಂದ ದಂಡ ವಸೂಲಿ ಮಾಡಿ. ಆ ಹಣವನ್ನು ಆರೂ ತೀರಗಳ ಮೀನುಗಾರರ ಕೈಗೆ ಕೊಡಿ.